ಕೈ ಬಲ್ಲದ್ದು, ಬಾಯಿ ಅರಿಯದ್ದು

ರಾಯಚೂರು ಜಿಲ್ಲೆಯ ಬಳಗಾನೂರಿನ ಕಡೆ ಜೋಳದ ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ಹಿಟ್ಟಿಗೆ ನೀರೆಷ್ಟು, ಅಂಗೈಯ ಪೆಟ್ಟು ಎಷ್ಟು ಬಿರುಸು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ‘ಬಡೀತಾ ಬಡೀತಾ ಬರ್ತೈತಿ’ ಎಂದಾಳು, ಅಷ್ಟೆ. ಹತ್ತಾರು ರೊಟ್ಟಿ ಅಂಚು ಸೀಳಿ, ಹಂಚಿಗೆ ಹಾಕುವಾಗ ಹರಿದು ಹಾಳಾದ ಮೇಲೆ ಒಂದು ದಿನ ಕೈ ತಾನಾಗಿಯೇ ಹದ ಹಿಡಿಯುತ್ತದೆ. ಯಾವ ದಿನ ಎಂಬುದು ಕಲಿತವಳಿಗೂ ತಿಳಿಯದು. ಅರಿವಿಗೇ ಬಾರದ ಈ ಕಲಿಕೆ ಮಿದುಳಿನಲ್ಲಿ ಎಲ್ಲಿ ನಡೆಯುತ್ತದೆ? ವಿಜ್ಞಾನಿಗಳಿಗೆ ಇದರ ಸುಳಿವು ಕೊಟ್ಟದ್ದು ಕೈಯನ್ನೇ ಕಾಡುವ ಒಂದು ರೋಗ, ಪಾರ್ಕಿನ್ಸನ್ ಕಾಯಿಲೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗದ ಬಗ್ಗೆ ಕಿರುಹೊತ್ತಿಗೆಯೊಂದನ್ನು ಬರೆದ. ಅದರಲ್ಲಿದ್ದುದು ಆರೇ ಜನರ ವಿವರ. ಅವರಲ್ಲೂ ಕೆಲವರು ಆತ ಬೀದಿಯಲ್ಲಿ ಕಂಡವರು. ಕೈ ನಡುಕ, ಬಾಗಿದ ಬೆನ್ನು, ಓಡುವಂತಹ ನಡಿಗೆ ಎಲ್ಲವನ್ನೂ ಗುರುತಿಸಿದ ಆತ, ರೋಗಿಯ ಇಂದ್ರಿಯಗಳಿಗೂ ಬುದ್ಧಿಗೂ ಧಕ್ಕೆಯಿಲ್ಲ ಎಂದ. ಇದು ಕೈಕಾಲಿನ ರೋಗ ಮಾತ್ರ ಎಂಬ ಭಾವನೆ ಬಹುಕಾಲ ಉಳಿಯಿತು.

ಮಿದುಳಿನ ಆಳದ ಕೆಲವು ಕೋಶಗಳು ಸಾಯುವುದರಿಂದ ಡೋಪಮೈನ್ ಎಂಬ ರಾಸಾಯನಿಕ ಬತ್ತಿಹೋಗುತ್ತದೆ ಎಂಬುದು 1960ರ ಸುಮಾರಿಗೆ ವಿಯೆನ್ನಾದಲ್ಲಿ ಗೊತ್ತಾಯಿತು. ಆ ಕೊರತೆ ತುಂಬಲು ಬಂದ ಔಷಧ ಎಲ್-ಡೋಪಾ. ಮುಟ್ಟಿದರೆ ಮೈಯೆಲ್ಲ ತುರಿಸುವ ನಮ್ಮ ನಸುಗುನ್ನಿಯ ಬೀಜದಿಂದ ಇದೇ ವಸ್ತುವನ್ನು 1937ರಲ್ಲೇ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. (ಹಾಗೆಂದು ಬೀಜವನ್ನು ತಾವಾಗಿಯೇ ಅರೆದು ಕುಡಿಯುವುದು ಅಪಾಯ.)

ಇತ್ತ ನೆನಪಿನ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗಕ್ಕೆಂದು ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ಹೊಸದೇನೂ ಆತನ ನೆನಪಿನಲ್ಲಿ ನಿಲ್ಲದಾಯಿತು. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ತಿದ್ದುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಕೊಟ್ಟಾಗ ಆತ ದಿನದಿನಕ್ಕೂ ಪಳಗಿದ. ಪ್ರತಿದಿನವೂ ಅದು ತನಗೆ ಹೊಸ ಕೆಲಸವೆಂದೇ ಆತ ಭಾವಿಸಿದ್ದ! ನೆನಪು ಒಂದೇ ಪೆಟ್ಟಿಗೆಯಲ್ಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಇನ್ನೊಂದು ಪೆಟ್ಟಿಗೆ ಎಲ್ಲಿ? ಕ್ಯಾಲಿಫೋರ್ನಿಯಾದ ನೋಲ್ಟನ್, ಮ್ಯಾಂಗಲ್ಸ್ ಮತ್ತು ಸ್ಕ್ವೈರ್ 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಹುಡುಕಿತು. ಪರೀಕ್ಷೆಗೆ ಬಂದವರಿಗೆ ಚಿತ್ರವಿರುವ ಕಾರ್ಡುಗಳನ್ನು ತೋರಿಸಿ, ಮಳೆಯೋ ಬಿಸಿಲೋ ಎಂದು ಊಹಿಸಲು ಹೇಳಲಾಯಿತು. ಯಾವ ಕಾರ್ಡೂ ಯಾವಾಗಲೂ ನಿಜ ಹೇಳದು. ಒಂದೊಂದು ಮಳೆಯ ಕಡೆಗೋ ಬಿಸಿಲಿನ ಕಡೆಗೋ ವಾಲುತ್ತದೆ, ಅಷ್ಟೆ. ಆರೋಗ್ಯವಂತರು ಕಾರಣ ಹೇಳಲಾಗದಿದ್ದರೂ ಐವತ್ತು ಸುತ್ತಿನೊಳಗೆ ಸರಿಯಾಗಿ ಊಹಿಸತೊಡಗಿದರು. ಮರೆವಿನ ರೋಗಿಗಳೂ ಕಲಿತರು, ಆದರೆ ಪರೀಕ್ಷೆಯ ವಿವರ ಕೇಳಿದರೆ ತಡವರಿಸಿದರು. ಪಾರ್ಕಿನ್ಸನ್ ರೋಗಿಗಳದು ತದ್ವಿರುದ್ಧ. ಕಾರ್ಡಿನ ಚಿತ್ರ, ಪರೀಕ್ಷೆ ನಡೆದ ರೀತಿ ಎಲ್ಲ ನೆನಪಿತ್ತು. ಊಹೆ ಮಾತ್ರ ಸುಧಾರಿಸಲಿಲ್ಲ.

ಈ ಸಂಗತಿ ಪ್ರಯೋಗಶಾಲೆಗೆ ಮಾತ್ರ ಸಂಬಂಧಿಸಿದ್ದಲ್ಲ. ಮೊಮ್ಮಗನ ಮದುವೆಯ ತಾರೀಖು ತಪ್ಪದೆ ಹೇಳುವ ಅಜ್ಜ, ಹೊಸ ಮೊಬೈಲನ್ನು ಹತ್ತು ಸಲ ತೋರಿಸಿದರೂ ಕಲಿಯದಿದ್ದರೆ ಮನೆಯವರು ‘ಅರಳುಮರಳು’ ಎಂದೋ ‘ಮೊಂಡುತನ’ ಎಂದೋ ಷರಾ ಬರೆದುಬಿಡುತ್ತಾರೆ. ಕೆಲವರಿಗೆ ಮುಂದೆ ನಿಜವಾದ ಮರೆವೂ ಬರುವುದುಂಟು. ಆದರೆ ಎಷ್ಟೋ ಸಲ ಕೆಟ್ಟಿರುವುದು ನೆನಪಲ್ಲ, ರೂಢಿಯಾಗುವ ಗುಣ. ಅದೂ ಪೂರ್ತಿ ಹೋಗಿರುವುದಿಲ್ಲ. ಅಭ್ಯಾಸ ಹೆಚ್ಚಿದರೆ ಅನೇಕರು ನಿಧಾನವಾಗಿ ಕಲಿಯುತ್ತಾರೆ. ಔಷಧದ ಪಾತ್ರವೂ ವಿಚಿತ್ರ. ಮಾತ್ರೆಯ ಪ್ರಭಾವ ಇಲ್ಲದಿದ್ದಾಗ ರೋಗಿಗಳು ತಪ್ಪಿನಿಂದ, ಇದ್ದಾಗ ಗೆಲುವಿನಿಂದ ಹೆಚ್ಚು ಕಲಿಯುತ್ತಾರೆ ಎಂದು 2004ರ ಅಮೆರಿಕದ ಅಧ್ಯಯನವೊಂದು ತೋರಿಸಿತು.

ತಾನಾಗಿ ಬರುವುದು ಕೈಕೊಟ್ಟಾಗ ಅರಿವಿನ ದಾರಿ ನೆರವಿಗೆ ಬರುತ್ತದೆ. ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವ ಎಷ್ಟೋ ರೋಗಿಗಳು, ಅಲ್ಲಿ ಸುಣ್ಣದಿಂದ ಹೆಜ್ಜೆಯಳತೆಗೆ ಅಡ್ಡಗೆರೆ ಎಳೆದರೆ ಅಥವಾ ಪಕ್ಕದಲ್ಲಿದ್ದವರು ‘ಒಂದು, ಎರಡು’ ಎಂದು ಎಣಿಸಿದರೆ, ಗೆರೆ ದಾಟಿ ದಾಟಿ ನಡೆದುಬಿಡುತ್ತಾರೆ.