ಸುರಪುರದ ಬಂಗಲೆ, ವಿಭೂತಿಹಳ್ಳಿಯ ಕಲ್ಲುಸಾಲು

ಸುರಪುರಕ್ಕೆ ಹೋದವರು ಸಾಮಾನ್ಯವಾಗಿ ನಾಯಕರ ಅರಮನೆ ನೋಡುತ್ತಾರೆ, ವೇಣುಗೋಪಾಲಸ್ವಾಮಿಗೆ ಕೈ ಮುಗಿಯುತ್ತಾರೆ, ಗುಡ್ಡ ಹತ್ತಿ ಟೇಲರ್ ಮಂಜಿಲ್ ಎದುರು ನಿಂತು ಕೆಳಗಿನ ಊರನ್ನು ನೋಡಿ ಬರುತ್ತಾರೆ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ, ಯಾದಗಿರಿಯಲ್ಲಿ ಕೋಟೆ. ಅಲ್ಲಿಗೆ ಜಿಲ್ಲೆಯ ಪ್ರವಾಸ ಮುಗಿಯುತ್ತದೆ. ಈ ಪಟ್ಟಿಯಲ್ಲಿ ತಪ್ಪೇನಿಲ್ಲ, ಕೊರತೆ ಇದೆ. ಟೇಲರ್ ಮಂಜಿಲ್‌ನ ಮಹತ್ವ ಆ ಕಟ್ಟಡದಲ್ಲಿರುವುದಕ್ಕಿಂತ ಅದರ ಯಜಮಾನ ಸುತ್ತಲಿನ ಹೊಲಗಳಲ್ಲಿ ಮಾಡಿದ ಕೆಲಸದಲ್ಲಿದೆ. ಆ ಕೆಲಸದ ಜಾಡು ಹಿಡಿದು ವಿಭೂತಿಹಳ್ಳಿ, ರಾಜನಕೋಳೂರುಗಳವರೆಗೆ ಹೋಗದಿದ್ದರೆ ಸುರಪುರದ ಭೇಟಿ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಊರಿನ ಮಾತು. ಬೇಡ ನಾಯಕರ ಹಿಂದಿನ ನೆಲೆ ಸುರಪುರದ ಸಮೀಪದ ವಾಗಣಗೇರಾ. 1705ರಲ್ಲಿ ಔರಂಗಜೇಬ ಆ ಕೋಟೆಗೆ ತಾನೇ ಖುದ್ದಾಗಿ ಮುತ್ತಿಗೆ ಹಾಕಿದ. ಅವನು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಸಿಕ್ಕಿತು, ಪಿಡ್ಡ ನಾಯಕ ಸಿಗಲಿಲ್ಲ. ಬಾದಶಹ ಕೃಷ್ಣೆಯ ಬಳಿಯ ದೇವಾಪುರದಲ್ಲಿ ಬೀಡುಬಿಟ್ಟಿದ್ದಾಗ ಕಾಯಿಲೆ ಬಿದ್ದು, ಅಲ್ಲಿಂದ ಅಹಮದ್‌ನಗರಕ್ಕೆ ಹೋಗಿ 1707ರಲ್ಲಿ ತೀರಿಕೊಂಡ. ನಾಯಕರ ರಾಜಧಾನಿ ಸುರಪುರದ ಗುಡ್ಡಗಳ ನಡುವೆ ನೆಲೆಯೂರಿತು.

ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಗೆ ಬಂದದ್ದು 1841ರಲ್ಲಿ. ನಿಜಾಮನ ಸೇವೆಯಲ್ಲಿದ್ದ ಅಧಿಕಾರಿ, ಅಷ್ಟರಲ್ಲಾಗಲೇ ಠಕ್ಕರ ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದವನು. ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ದೊರೆಗೆ ಅವನು 'ಅಪ್ಪ'. ಮುಂದೆ 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಸೆರೆಯಾದ. ಮರಣದಂಡನೆ ಗಡೀಪಾರಿಗೆ ಇಳಿಯಿತು, ಅದೂ ಇಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಯುವಕ ದೊರೆಯ ಪ್ರಾಣ ಹೋಯಿತು. 1860ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ನಿಜಾಮನಿಗೆ ಒಪ್ಪಿಸಿದರು.

ಈ ಕಥೆಯನ್ನು ನಾವು ಇಂದಿಗೂ ಬಹುಮಟ್ಟಿಗೆ ಟೇಲರನ ಆತ್ಮಕಥೆಯ ಮೂಲಕವೇ ಕೇಳುತ್ತಿದ್ದೇವೆ. ಅದು ಅವನು ಸತ್ತ ಮೇಲೆ, 1877ರಲ್ಲಿ, ಮಗಳು ಆಲಿಸ್ ಸಂಪಾದಿಸಿ ಹೊರತಂದ ಪುಸ್ತಕ. ಅದರಲ್ಲಿ ಪ್ರೀತಿ ಇದೆ, ಸಂಕಟವೂ ಇದೆ. ಆದರೆ ಮಾತಾಡುತ್ತಿರುವವನು ಪೋಷಕ. ಪೋಷಿತನ ಮಾತು ನಮಗೆ ಪೋಷಕನ ಬಾಯಿಂದಲೇ ಬರುತ್ತದೆ. ದೊರೆಯ ತಾಯಿ ರಾಣಿ ಈಶ್ವರಮ್ಮನ ಚಿತ್ರಣವಂತೂ ಎದುರು ಪಕ್ಷದವನು ಬರೆದದ್ದು. ಹಾಗಾಗಿ ಟೇಲರನನ್ನು ಓದುವಾಗ ಅವನ ನಿರೂಪಣೆಯನ್ನೂ ಅಳತೆಯನ್ನೂ ಬೇರೆಬೇರೆ ಇಟ್ಟುಕೊಳ್ಳಬೇಕು. ನಿರೂಪಣೆಯನ್ನು ಬೇರೆ ದಾಖಲೆಗಳ ಜೊತೆ ತೂಗಿ ನೋಡಬೇಕು. ಅಳತೆಯನ್ನು ಹೊಲಕ್ಕೆ ಹೋಗಿ ಪರೀಕ್ಷಿಸಬಹುದು.

ಅಳತೆಯ ಮಟ್ಟಿಗೆ ಅವನು ತನ್ನ ಕಾಲಕ್ಕಿಂತ ಬಹಳ ಮುಂದಿದ್ದ. ಭೀಮಾ ತೀರದ ಜೇವರ್ಗಿಯಲ್ಲಿ ಅವನು ಕಲ್ಲುಗುಪ್ಪೆಯ ಸಮಾಧಿಗಳನ್ನು ಅಗೆಸಿದ. ಆ ಕಾಲದಲ್ಲಿ ಅಗೆಯುವುದೆಂದರೆ ಗಡಿಗೆ, ಕತ್ತಿ, ಮಣಿ ಆರಿಸಿಕೊಂಡು ಮಣ್ಣು ಮುಚ್ಚುವುದು. ಟೇಲರ್ ಮಾತ್ರ ಗುಂಡಿಯ ಸೀಳುನೋಟ ಬರೆದ: ಮೇಲೆ ಸುತ್ತುಗಲ್ಲು, ಅದರ ಕೆಳಗೆ ಗುಂಡುಕಲ್ಲಿನ ರಾಶಿ, ಮಣ್ಣಿನ ಪದರ, ತಳದಲ್ಲಿ ಎಲುಬು ಮತ್ತು ಮಡಕೆ. ಯಾವುದು ಯಾವುದರ ಮೇಲಿತ್ತು ಎಂಬುದು ಆ ಚಿತ್ರದಲ್ಲಿ ಉಳಿಯಿತು. ನೂರು ವರ್ಷದ ಬಳಿಕ ಮಾರ್ಟಿಮರ್ ವೀಲರ್ ಉತ್ಖನನ ವಿಧಾನದ ಬಗ್ಗೆ ಬರೆಯುವಾಗ ಈ ಸೀಳುನೋಟಗಳನ್ನು ಎತ್ತಿ ಹೊಗಳಿದ್ದು ಸುಮ್ಮನೆ ಅಲ್ಲ. ಅಗೆತವೆಂದರೆ ನಾಶವೂ ಹೌದು; ಒಮ್ಮೆ ತೆಗೆದ ಪದರವನ್ನು ಮತ್ತೆ ಇಡಲಾಗದು. ಆ ಸಮಾಧಿಗಳ ಪದರಗಳು ಈಗ ಉಳಿದಿರುವುದು ಅವನ ಕಾಗದದ ಮೇಲೆ.

ಹುಣಸಗಿ ಭಾಗದ ರಾಜನಕೋಳೂರಿನಲ್ಲಿ ಅವನು ಕಂಡದ್ದು ನೆಲದ ಮೇಲೇ ನಿಂತ ಕಲ್ಲಿನ ಕೋಣೆಗಳನ್ನು. ನಾಲ್ಕೂ ಮಗ್ಗುಲಿಗೆ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಇಂಥವನ್ನು ನಮ್ಮ ಕಡೆ ಮೋರೇರ ಮನೆ ಎನ್ನುತ್ತಾರೆ. ಮೋರೇರೆಂಬ ಕುಳ್ಳರು ಇವುಗಳಲ್ಲಿ ವಾಸವಾಗಿದ್ದರು ಎಂಬ ಕಥೆ ಕೊಪ್ಪಳ ಕಡೆಯ ಹಿರೇಬೆಣಕಲ್ಲಿನಲ್ಲೂ ಉಂಟು. ಯುರೋಪಿನ ಡಾಲ್ಮೆನ್‌ಗಳನ್ನು ಬಲ್ಲ ಟೇಲರನಿಗೆ ಹೋಲಿಕೆ ಎಷ್ಟು ಬಲವಾಗಿ ಕಂಡಿತೆಂದರೆ, ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೆ ಸಲ್ಲಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಕೆಲ್ಟಿಕ್, ಡ್ರೂಯಿಡ್, ಸಿಥಿಯನ್ ಎಂಬ ಹೆಸರುಗಳನ್ನು ಸೇರಿಸಿದ. ಆ ವಿವರಣೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಇವು ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ, ಇಲ್ಲಿಯವರೇ ಕಟ್ಟಿದ ಸ್ಮಾರಕಗಳು. ವಿವರಣೆ ಬಿದ್ದುಹೋಯಿತು, ನಕ್ಷೆ ಉಳಿಯಿತು.

ವಿಭೂತಿಹಳ್ಳಿ ಶಹಾಪುರದ ಮಗ್ಗುಲಲ್ಲೇ ಇದೆ. ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ನೋಟವಿಲ್ಲ. ಆದರೆ ಮೊದಲ ನೋಟಕ್ಕೆ ಅಲ್ಲಿ ಏನೂ ಇಲ್ಲ. ಉಳಿ ತಾಗದ ಗುಂಡುಬಂಡೆಗಳು ಹರಡಿಕೊಂಡಿವೆ. ಪಕ್ಕದ ಗುಡ್ಡದಿಂದ ಉರುಳಿ ಬಂದವು ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಒಂದು ಬಂಡೆಯ ಬಳಿ ನಿಂತು ನಿಧಾನವಾಗಿ ಮೈ ತಿರುಗಿಸಬೇಕು. ಒಂದು ದಿಕ್ಕಿಗೆ ಬಂದಾಗ ಬಂಡೆಯ ಹಿಂದೆ ಬಂಡೆ ಸಾಲುಗಟ್ಟುತ್ತದೆ, ಇನ್ನೊಂದು ದಿಕ್ಕಿಗೆ ಮತ್ತೊಂದು ಸಾಲು. ಒಂದು ಸಾಲಿನ ಎರಡು ಕಲ್ಲುಗಳ ನಡುವಿನ ತೆರಪಿಗೆ ಸರಿಯಾಗಿ ಮುಂದಿನ ಸಾಲಿನ ಕಲ್ಲು ಕೂತಿದೆ. ಮನುಷ್ಯರು ಹೊತ್ತು ತಂದು, ಅಂತರ ನೋಡಿ ಇಟ್ಟ ಕಲ್ಲುಗಳಿವು.

ಟೇಲರ್ ಇದನ್ನು ದಾಖಲಿಸಿದ ಮೇಲೆ ಎಫ್. ಆರ್. ಆಲ್ಚಿನ್ 1956ರಲ್ಲಿ ಆಗಿನ ಹೈದರಾಬಾದ್ ರಾಜ್ಯದ ದಕ್ಷಿಣ ಭಾಗದ ಕಲ್ಲುಸಾಲುಗಳನ್ನು ಒಟ್ಟಿಗೆ ಅಭ್ಯಸಿಸಿದರು. ಈಚೆಗೆ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಮತ್ತು ಪ್ರಿಯಾ ಠಾಕೂರ್, ಈ ಸಾಲುಗಳು ಸೂರ್ಯನ ಉದಯಾಸ್ತದ ದಿಕ್ಕುಗಳನ್ನು ಗುರುತಿಸಲು ನೆರವಾಗಿರಬಹುದೇ ಎಂದು ಪರಿಶೀಲಿಸಿದ್ದಾರೆ. ಹುಣಸಗಿ ಕಡೆಯ ಹನುಮಸಾಗರದಲ್ಲಿ ಇನ್ನೂ ದೊಡ್ಡ ವಿನ್ಯಾಸವಿದೆ, ಸುಮಾರು 2,500 ಕಲ್ಲುಗಳದ್ದು. ಇಂಥ ವಾದ ಒಪ್ಪುವುದಕ್ಕೂ ಬಿಡುವುದಕ್ಕೂ ಬೇಕಾದದ್ದು ಒಂದೇ: ಪ್ರತಿ ಕಲ್ಲೂ ಇಟ್ಟ ಜಾಗದಲ್ಲೇ ಇರಬೇಕು. ಕೆತ್ತಿದ ವಿಗ್ರಹವನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರೂ ಅದು ವಿಗ್ರಹವೇ. ಸಾಲಿನಿಂದ ಎತ್ತಿಟ್ಟ ಬಂಡೆ ಬರೀ ಬಂಡೆ.

ನೀರಾವರಿಯ ವಿಷಯ ಇಲ್ಲೇ ಬರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆ ಈ ನಾಡಿನ ಬಾಳು ಬದಲಿಸಿದೆ, ಅದು ಆಗಲೇಬೇಕಿತ್ತು. ಪುರಾತತ್ತ್ವಕ್ಕೂ ಅದೇ ಕೆಲಸದಿಂದ ಒಮ್ಮೆ ಲಾಭವಾಯಿತು. ಹುಣಸಗಿ ಬಳಿಯ ಇಸಾಂಪುರದಲ್ಲಿ ನೀರಾವರಿ ಕಾಮಗಾರಿಗೆ ಮಣ್ಣು ತೆಗೆದಾಗ ಹಳೆಯ ಶಿಲಾಯುಗದ ಪದರ ಮೇಲೆ ಬಂತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ ಅಗೆದು ನೋಡಿದಾಗ ಸಿಕ್ಕಿದ್ದು ಆದಿಮಾನವರ ಕಲ್ಲುಗಾರಿಕೆಯ ತಾಣ: ನೆಲದಲ್ಲೇ ಸಿಗುವ ಸುಣ್ಣಕಲ್ಲಿನ ಹಲಗೆ, ಅದನ್ನು ಒಡೆಯುವ ಸುತ್ತಿಗೆಗಲ್ಲು, ಅರ್ಧ ಆದ ಕೈಗೊಡಲಿ, ಉದುರಿದ ಚಕ್ಕೆ, ಎಲ್ಲ ಒಂದೇ ಕಡೆ. ಅಲ್ಲಿನ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ದೊರೆತ ಕಾಲ ಸುಮಾರು 12 ಲಕ್ಷ ವರ್ಷ. ಆದರೆ ನೀರು ಬಂದಲ್ಲಿ ಭತ್ತದ ಗದ್ದೆ ಬರುತ್ತದೆ, ಗದ್ದೆಗೆ ನೆಲ ಮಟ್ಟಸವಾಗಬೇಕು. ಜೆಸಿಬಿಗೆ ಕಲ್ಲುಸಾಲೂ ಒಂದೇ, ಕಳೆಗಲ್ಲೂ ಒಂದೇ. ರೈತರನ್ನು ದೂರಿ ಫಲವಿಲ್ಲ. ಆ ಕಲ್ಲು ಏನೆಂದು ಅವರಿಗೆ ತಿಳಿಹೇಳುವ ಹೊಣೆ ನಮ್ಮಂಥವರದು.

ವಿಭೂತಿಹಳ್ಳಿ, ರಾಜನಕೋಳೂರುಗಳು ಕೇಂದ್ರ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯ ಪ್ರಕಾರ ಇಂಥ ತಾಣದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಾನೂನು ಸಾಕಷ್ಟಿದೆ. ಆಗಬೇಕಾದದ್ದು ಸ್ಥಳೀಯ ಕೆಲಸ: ಸಂರಕ್ಷಿತ ಪಟ್ಟಿಗೆ ಸೇರದ ಕಲ್ಲುಗುಪ್ಪೆ, ಕಲ್ಲುಸಾಲುಗಳನ್ನೂ ಸರ್ವೆ ನಂಬರ್ ಸಮೇತ ಗುರುತಿಸಿ ಗ್ರಾಮ ನಕ್ಷೆಯಲ್ಲಿ ದಾಖಲಿಸುವುದು. ಟೇಲರನ ನಕ್ಷೆಗಳನ್ನೂ ಆಲ್ಚಿನ್ನರ ವಿವರಗಳನ್ನೂ ಇಂದಿನ ಸ್ಥಿತಿಯ ಎದುರಿಟ್ಟರೆ ಎಷ್ಟು ಕಳೆದುಕೊಂಡೆವೆಂಬ ಲೆಕ್ಕವೂ ಸಿಗುತ್ತದೆ. ಜಿಲ್ಲೆಯ ಪದವಿ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದು ಬೇಸಿಗೆಯಲ್ಲಿ ಮಾಡಬಹುದಾದ ಕೆಲಸ ಇದು.

ಸುರಪುರಕ್ಕೆ ಹೊರಟ ಓದುಗರಲ್ಲಿ ಒಂದು ವಿನಂತಿ. ಶಹಾಪುರದಲ್ಲಿ ಇಳಿದು ವಿಭೂತಿಹಳ್ಳಿಗೆ ಅರ್ಧ ದಿನ ಕೊಡಿ. ಬಿಸಿಲೇರುವ ಮೊದಲೇ ಹೋಗಿ. ನೆರಳು ಉದ್ದವಿದ್ದಾಗ ಸಾಲು ಸ್ಪಷ್ಟ ಕಾಣುತ್ತದೆ. ಫೋಟೋ ತೆಗೆದರೆ ದಿನಾಂಕ ಮತ್ತು ನಿಂತ ಜಾಗವನ್ನು ಬರೆದಿಡಿ, ಮುಂದಿನವರಿಗೆ ಅದು ದಾಖಲೆ. ಹುಣಸಗಿ ಕಡೆ ಹೊಲದಲ್ಲಿ ಕೈಗೊಡಲಿಯಂಥ ಕಲ್ಲು ಕಂಡರೆ ನೋಡಿ, ಚಿತ್ರ ತೆಗೆದುಕೊಳ್ಳಿ, ದಯವಿಟ್ಟು ಅಲ್ಲೇ ಬಿಟ್ಟು ಬನ್ನಿ.