ಚೈನೋ, ಶಾಫ್ಟೋ? ಹಳೆಯ ಮೋಟಾರ್ ಸೈಕಲ್‌ಗಳ ಹಿಂಚಕ್ರ ತಿರುಗಿಸುವ ಎರಡು ದಾರಿ

ಮಾನೋಪಾಡು: ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಡಿಗಡ್ಡ ಸೀಮೆಯಲ್ಲಿ ಮೋಟಾರ್ ಸೈಕಲ್ ಬರೀ ಸವಾರಿಯ ಗಾಡಿಯಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ಬೇಸಿಗೆಯಲ್ಲಿ ದೂಳು, ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಳ್ಳುವ ಎರೆ ಮಣ್ಣು. ಇವೆರಡರ ಪೆಟ್ಟು ಮೊದಲು ಬೀಳುವುದು ಹಿಂಚಕ್ರದ ಚೈನಿಗೆ. ಪದೇ ಪದೇ ಚೈನ್ ಬಿಗಿ ಮಾಡಿಸಿ ಬೇಸತ್ತವರಿಗೆ ಚೈನೇ ಇಲ್ಲದ ಗಾಡಿ ಇದ್ದರೆ ಎಷ್ಟು ಚೆನ್ನ ಎಂದು ಅನ್ನಿಸುವುದು ಸಹಜ.

ಅಂಥ ಗಾಡಿಗಳು ಇವೆ. ಅವುಗಳ ಇತಿಹಾಸ ನೂರು ವರ್ಷಕ್ಕೂ ಹಿಂದಿನದು. ಹಾಗಿದ್ದರೂ ಅವು ಹಳ್ಳಿಗಳ ತನಕ ಬರಲಿಲ್ಲ. ಅದಕ್ಕೆ ಕಾರಣವೇನು, ಇರುವ ಚೈನನ್ನೇ ಹೆಚ್ಚು ದಿನ ಬಾಳಿಸುವುದು ಹೇಗೆ ಎಂಬುದರ ಮಾಹಿತಿ ಇಲ್ಲಿದೆ.

ಎರಡೂ ಕೆಲಸ ಮಾಡುವ ಬಗೆ

ಎಂಜಿನ್‌ನ ಶಕ್ತಿ ಗೇರ್‌ಬಾಕ್ಸ್‌ಗೆ ಬಂದ ಮೇಲೆ ಅಲ್ಲಿಂದ ಹಿಂಚಕ್ರಕ್ಕೆ ಮುಟ್ಟಬೇಕು. ಚೈನ್ ಗಾಡಿಯಲ್ಲಿ ಮುಂದೊಂದು ಚಿಕ್ಕ ಸ್ಪ್ರಾಕೆಟ್, ಹಿಂದೊಂದು ದೊಡ್ಡ ಸ್ಪ್ರಾಕೆಟ್, ನಡುವೆ ಚೈನ್. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಮುಂದಿನದು ಮೂರು ಸುತ್ತು ತಿರುಗಿದಾಗ ಹಿಂಚಕ್ರ ಒಂದು ಸುತ್ತು ತಿರುಗುತ್ತದೆ.

ಶಾಫ್ಟ್ ಗಾಡಿಯಲ್ಲಿ ಚೈನಿನ ಜಾಗದಲ್ಲಿ ಉಕ್ಕಿನ ಉದ್ದನೆಯ ಸರಳು ಇರುತ್ತದೆ. ಟ್ರ್ಯಾಕ್ಟರ್‌ನಿಂದ ರೋಟಾವೇಟರ್‌ಗೆ ಶಕ್ತಿ ಸಾಗಿಸುವ ಪಿಟಿಒ ಶಾಫ್ಟ್ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೋಟಾರ್ ಸೈಕಲ್‌ನಲ್ಲಿ ಈ ಸರಳು ಕೊಳವೆಯೊಳಗೆ ತಿರುಗುತ್ತದೆ. ಅದರ ತುದಿಯಲ್ಲಿ ಎರಡು ಓರೆ ಹಲ್ಲಿನ ಗೇರ್‌ಗಳು ಎಣ್ಣೆಯಲ್ಲಿ ಮುಳುಗಿದ್ದು, ತಿರುಗುವ ದಿಕ್ಕನ್ನು ಅಡ್ಡಕ್ಕೆ ಬದಲಿಸಿ ಚಕ್ರವನ್ನು ತಿರುಗಿಸುತ್ತವೆ. ಮಣ್ಣು, ನೀರು ಒಳಗೆ ಹೋಗುವುದಿಲ್ಲ. ಬಿಗಿ ಮಾಡುವ ಗೋಜೂ ಇಲ್ಲ.

ಶಾಫ್ಟಿನ ಹಿರಿಮೆ

ಬೆಲ್ಜಿಯಂನ ಎಫ್‌ಎನ್ ಕಂಪನಿ 1905ರಲ್ಲೇ ನಾಲ್ಕು ಸಿಲಿಂಡರಿನ ಶಾಫ್ಟ್ ಮೋಟಾರ್ ಸೈಕಲ್ ತಯಾರಿಸಿತ್ತು. 1923ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ತನ್ನ ಆರ್32 ಗಾಡಿಗೂ ಶಾಫ್ಟನ್ನೇ ಅಳವಡಿಸಿತು. ಇದರ ಎಂಜಿನ್‌ನ ಕ್ರ್ಯಾಂಕ್ ಗಾಡಿಯ ಉದ್ದಕ್ಕೆ ಕೂತಿರುತ್ತದೆ. ಹೀಗಾಗಿ ಹಿಂಚಕ್ರದ ಬಳಿ ಒಂದೇ ಒಂದು ಸಲ ದಿಕ್ಕು ಬದಲಿಸಿದರೆ ಸಾಕು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಶಾಫ್ಟ್ ಗಾಡಿಗಳು ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಓಡಾಡಿದವು. ಮರಳು ಚೈನನ್ನು ಬೇಗ ತಿನ್ನುತ್ತದೆ ಎಂಬುದು ಗೊತ್ತಿದ್ದ ಅಮೆರಿಕದ ಸೇನೆ ಹಾರ್ಲೆ-ಡೇವಿಡ್‌ಸನ್ ಕಂಪನಿಯಿಂದ ಎಕ್ಸ್‌ಎ ಎಂಬ ಶಾಫ್ಟ್ ಗಾಡಿ ಮಾಡಿಸಿಕೊಂಡಿತು. ತಯಾರಾದದ್ದು ಸುಮಾರು 1,000 ಮಾತ್ರ.

ಇಲ್ಲಿಗೇಕೆ ಬರಲಿಲ್ಲ?

ಬುಲೆಟ್, ರಾಜದೂತ್, ಜಾವಾ, ಯೆಜ್ಡಿ, ಆರ್‌ಎಕ್ಸ್ 100, ಸಿಡಿ 100 ಹೀಗೆ ಭಾರತದ ರಸ್ತೆಗಳಲ್ಲಿ ಹೆಸರು ಮಾಡಿದ ಹಳೆಯ ಗಾಡಿಗಳೆಲ್ಲ ಚೈನಿನವೇ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಎಂಜಿನ್ ಕೂತಿರುವ ರೀತಿ. ಈ ಗಾಡಿಗಳಲ್ಲಿ ಕ್ರ್ಯಾಂಕ್ ಅಡ್ಡಕ್ಕೆ ಇರುತ್ತದೆ. ಶಾಫ್ಟ್ ಹಾಕಬೇಕಾದರೆ ಎರಡು ಕಡೆ ದಿಕ್ಕು ಬದಲಿಸಬೇಕು. ಎರಡು ಕಡೆ ಗೇರ್, ಎರಡು ಕಡೆ ಶಕ್ತಿ ನಷ್ಟ. ನೂರು ಸಿಸಿ ಗಾಡಿಗೆ ಈ ನಷ್ಟ ಚಿಕ್ಕದೇನಲ್ಲ, ಮೈಲೇಜಿನಲ್ಲಿ ಗೊತ್ತಾಗಿಬಿಡುತ್ತದೆ. ಎಣ್ಣೆ ಕಂಡ ಒಳ್ಳೆಯ ಚೈನ್ ಶಕ್ತಿಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ.

ಎರಡನೆಯದು ತೂಕ ಮತ್ತು ಬೆಲೆ. ಓರೆ ಹಲ್ಲಿನ ಗೇರ್‌ಗಳನ್ನು ಕೂದಲೆಳೆಯ ಅಂತರದಲ್ಲಿ ಜೋಡಿಸಬೇಕು. ಹಲ್ಲು ಮುರಿದರೆ ಊರಿನ ಲೇತ್‌ನಲ್ಲಿ ಸರಿಯಾಗುವ ಕೆಲಸ ಅದಲ್ಲ.

ಮೂರನೆಯದು ಹೊರೆ. ಗಾಡಿ ಭಾರ ಎಳೆಯದಿದ್ದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿಸಬಹುದು. ಓಟ ತುಸು ತಗ್ಗಿದರೂ ಎಳೆತ ಹೆಚ್ಚುತ್ತದೆ. ಶಾಫ್ಟಿನಲ್ಲಿ ಈ ಅನುಕೂಲವಿಲ್ಲ.

ಶಾಫ್ಟಿನಿಂದ ಚೈನಿಗೆ ತಿರುಗಿದ ಲ್ಯಾಂಬ್ರೆಟ್ಟಾ

ಸ್ಕೂಟರ್‌ಗಳಲ್ಲಿ ಒಂದು ಕುತೂಹಲದ ಉದಾಹರಣೆ ಇದೆ. ಇಟಲಿಯ ಲ್ಯಾಂಬ್ರೆಟ್ಟಾ 1947ರಲ್ಲಿ ಶುರುವಾದದ್ದೇ ಶಾಫ್ಟಿನಿಂದ. 1950ರ ದಶಕದಲ್ಲಿ ಮುಂಬೈನ ಎಪಿಐ ಕಂಪನಿ ಭಾರತದಲ್ಲಿ ಜೋಡಿಸಿದ ಎಲ್‌ಡಿ ಮಾದರಿಯೂ ಶಾಫ್ಟಿನದೇ. ಆದರೆ 1958ರಲ್ಲಿ ಬಂದ ಎಲ್‌ಐ ಮಾದರಿಯಲ್ಲಿ ಕಂಪನಿ ಶಾಫ್ಟ್ ಕೈಬಿಟ್ಟು, ಎಂಜಿನ್ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಓಡುವ ಚೈನ್ ಹಾಕಿತು. ಮುಂದೆ ಲಖನೌದಲ್ಲಿ ತಯಾರಾದ ವಿಜಯ್ ಸೂಪರ್ ಕೂಡ ಇದೇ ದಾರಿ ಹಿಡಿಯಿತು. ಚೈನ್ ಸವೆಯುವುದು ಅದು ಚೈನ್ ಎಂಬ ಕಾರಣಕ್ಕಲ್ಲ, ಬಯಲಲ್ಲಿ ದೂಳು ತಿನ್ನುತ್ತಾ ಓಡುವ ಕಾರಣಕ್ಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೈಸೂರಿನ ಜಾವಾ ತೋರಿದ ದಾರಿ

ಇದೇ ಮಾತನ್ನು ಮೋಟಾರ್ ಸೈಕಲ್‌ನಲ್ಲಿ ತೋರಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. ಜೆಕೊಸ್ಲೊವಾಕಿಯಾದ ತಂತ್ರಜ್ಞಾನದೊಂದಿಗೆ 1961ರಲ್ಲಿ ಇಲ್ಲಿ ಜಾವಾ ತಯಾರಿ ಶುರುವಾಯಿತು. 1973ರಿಂದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ತಯಾರಿಕೆ ನಿಂತಿತು.

ಜಾವಾ 250 ಗಾಡಿಯ ಹಿಂದಿನ ಚೈನ್ ಸುತ್ತ ಪೂರ್ತಿ ಮುಚ್ಚಿದ ತಗಡಿನ ಪೆಟ್ಟಿಗೆ ಇತ್ತು. ಪಂಚರ್ ಆದಾಗ ಚೈನ್ ಮತ್ತು ಸ್ಪ್ರಾಕೆಟ್ ಪೆಟ್ಟಿಗೆಯಲ್ಲೇ ಇರುವಂತೆ ಚಕ್ರವನ್ನಷ್ಟೇ ಬಿಚ್ಚಬಹುದಿತ್ತು. ಶಾಫ್ಟಿನಲ್ಲಿ ಸಿಗುವ ಮರೆ, ಚೈನಿನಲ್ಲಿ ಸಿಗುವ ಅಗ್ಗದ ದುರಸ್ತಿ ಎರಡೂ ಒಂದೇ ಕಡೆ ಸಿಕ್ಕಂತಾಯಿತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, 1994ರ ಸ್ಪ್ಲೆಂಡರ್ ಗಾಡಿಗಳಿಗೂ ಪೂರ್ತಿ ಚೈನ್ ಕವರ್ ಇತ್ತು. ಹಳ್ಳಿಗಳಲ್ಲಿ ಅವು ನೆಲೆನಿಲ್ಲಲು ಮೈಲೇಜಿನ ಜೊತೆಗೆ ಈ ಕವರ್ ಕೂಡ ನೆರವಾಯಿತು.

ಕವರ್ ಬಿಚ್ಚಬೇಡಿ

ಗಡಗಡ ಸದ್ದು ಮಾಡುತ್ತದೆ ಎಂದೋ, ಗಾಡಿ ಚೆಂದ ಕಾಣಲಿ ಎಂದೋ ಕೆಲವರು ಚೈನ್ ಕವರ್ ಬಿಚ್ಚಿ ಮೂಲೆಗೆ ಎಸೆಯುತ್ತಾರೆ. ಇದು ಚೈನಿನ ಆಯುಷ್ಯದ ಪ್ರಶ್ನೆಯಷ್ಟೇ ಅಲ್ಲ. ಈ ಭಾಗದಲ್ಲಿ ಹೆಂಗಸರು ಎಡಕ್ಕೆ ಕಾಲು ಇಳಿಬಿಟ್ಟು ಕೂರುತ್ತಾರೆ. ಹೆಚ್ಚಿನ ಗಾಡಿಗಳ ಚೈನ್ ಇರುವುದೂ ಎಡಕ್ಕೇ. ಸೀರೆಯ ಸೆರಗೋ, ಹುಡುಗಿಯರ ಓಢಣಿಯೋ ಚೈನಿಗೆ ಸಿಕ್ಕಿದರೆ ಕ್ಷಣದಲ್ಲಿ ಎಳೆದು ಬೀಳಿಸುತ್ತದೆ. ಕುತ್ತಿಗೆಗೆ ಸುತ್ತಿದ ಬಟ್ಟೆಯಾದರೆ ಪ್ರಾಣಕ್ಕೇ ಅಪಾಯ.

ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಾಗದಷ್ಟು ಮರೆ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೀರೆ ಗಾರ್ಡ್ ಮತ್ತು ಚೈನ್ ಕವರ್ ಎರಡೂ ಇದ್ದರೆ ಕ್ಷೇಮ. ಕವರ್ ಸದ್ದು ಮಾಡಿದರೆ ಅದರ ಬೋಲ್ಟ್ ಬಿಗಿ ಮಾಡಿಸಬೇಕು. ಅಷ್ಟಕ್ಕೂ ಸದ್ದು ನಿಲ್ಲದಿದ್ದರೆ ಚೈನೇ ಸಡಿಲವಾಗಿ ಒಳಗೆ ಬಡಿಯುತ್ತಿದೆ ಎಂದರ್ಥ.

ಚೈನ್ ನೋಡಿಕೊಳ್ಳುವುದು ಹೀಗೆ

* ಎಂಜಿನ್ ಬಂದ್ ಮಾಡಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಡಬಲ್ ಸ್ಟ್ಯಾಂಡ್ ಹಾಕಿ, ಕೈಯಿಂದಲೇ ಚಕ್ರ ತಿರುಗಿಸಿ ಎಣ್ಣೆ ಬಿಡಬೇಕು. ಎಂಜಿನ್ ಓಡುವಾಗ ಚೈನಿಗೆ ಬಟ್ಟೆ ಹಿಡಿದು ಒರೆಸಬಾರದು. ಬೆರಳು ಹೋಗುತ್ತದೆ. ಮಕ್ಕಳನ್ನು ಹತ್ತಿರ ಬಿಡಬಾರದು.

* ಸೀಮೆ ಎಣ್ಣೆಯಲ್ಲಿ ತೊಳೆದು ಒಣಗಿಸಿ, ಚೈನಿನ ಒಳಮಗ್ಗುಲಿಗೆ 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಸುಟ್ಟ ಎಂಜಿನ್ ಆಯಿಲ್ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ. ರಬ್ಬರ್ ರಿಂಗ್ ಇರುವ ಹೊಸ ಬಗೆಯ ಚೈನಿಗೆ ಪೆಟ್ರೋಲ್, ತಂತಿ ಬ್ರಷ್ ತಾಗಿಸಬಾರದು.

* ಚೈನನ್ನು ನಡುವಿನಲ್ಲಿ ಒತ್ತಿದಾಗ ಎಷ್ಟು ಆಡಬೇಕು ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ. ನೂರು ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ತೀರಾ ಬಿಗಿಯಾದರೆ ಹೊರೆ ಹೇರಿದಾಗ ಬೇರಿಂಗ್ ಹೋಗುತ್ತದೆ.

* ಚೈನ್ ಲಾಕಿನ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುವುಮುರುವಾದರೆ ಕಲ್ಲು ತಾಗಿ ಕ್ಲಿಪ್ ಹಾರಿ, ಕಳಚಿದ ಚೈನ್ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು.

* 428 ನಂಬರಿನ ಚೈನಿನಲ್ಲಿ ಪಿನ್‌ನಿಂದ ಪಿನ್‌ಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹೊಸತಿದ್ದಾಗ 20 ಕೊಂಡಿಗಳ ಉದ್ದ 254 ಮಿ.ಮೀ. ಚೈನನ್ನು ಎಳೆದು ಹಿಡಿದು ಅಳೆದಾಗ 259 ದಾಟಿದ್ದರೆ ಬದಲಿಸುವ ಕಾಲ ಬಂತು. ಆಗ ಎರಡೂ ಸ್ಪ್ರಾಕೆಟ್‌ಗಳನ್ನು ಜೊತೆಗೇ ಬದಲಿಸಬೇಕು. ಸವೆದ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ.

ನೆರೆಯಲ್ಲಿ ಮುಳುಗಿದ ಗಾಡಿ

2009ರ ಅಕ್ಟೋಬರ್‌ನ ನೆರೆಯಲ್ಲಿ ಅಲಂಪುರ, ರಾಜೋಳಿ, ಕರ್ನೂಲು ಮುಳುಗಿದ್ದು ಈ ಭಾಗದವರಿಗೆ ನೆನಪಿದೆ. ಅಂಥ ಹೊತ್ತಿನಲ್ಲಿ ಎರಡರ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಮುಳುಗಿದ ಚೈನ್ ತುಕ್ಕು ಹಿಡಿದು ಕಣ್ಣಿಗೆ ಕಾಣುತ್ತದೆ, ಬದಲಿಸಿದರೆ ಮುಗಿಯಿತು. ಶಾಫ್ಟಿನ ಗೇರ್ ಪೆಟ್ಟಿಗೆಗೆ ನೀರು ಹೊಕ್ಕರೆ ಹೊರಗೆ ಏನೂ ಕಾಣುವುದಿಲ್ಲ. ಎಣ್ಣೆ ಹಾಲಿನಂತೆ ಬೆಳ್ಳಗಾಗಿ ಒಳಗೆ ಹಲ್ಲು, ಬೇರಿಂಗ್ ಹಾಳಾಗುತ್ತವೆ. ಶಾಫ್ಟ್ ಗಾಡಿ ಇಟ್ಟವರು ಆ ಎಣ್ಣೆ ತೆಗೆದು ನೋಡಲೇಬೇಕು.

ಒಟ್ಟಿನಲ್ಲಿ ಶಾಫ್ಟ್ ತಡವಾಗಿ ಕೆಡುತ್ತದೆ, ಕೆಟ್ಟರೆ ದೊಡ್ಡ ಊರಿಗೆ ಹೋಗಬೇಕು. ಚೈನ್ ಬೇಗ ಸವೆಯುತ್ತದೆ, ಆದರೆ ಮೊದಲೇ ಸದ್ದು ಮಾಡಿ ಹೇಳುತ್ತದೆ, ಬೇವಿನ ಮರದ ಕೆಳಗಿನ ಮೆಕ್ಯಾನಿಕ್ ಕೂಡ ಸರಿ ಮಾಡುತ್ತಾನೆ. ಹಳ್ಳಿಗೆ ಚೈನೇ ಸರಿ. ಅದರ ಮೇಲೊಂದು ಕವರ್ ಮಾತ್ರ ತಪ್ಪದೆ ಇರಲಿ.