ಎಕ್ಸ್‌ಟ್ರಾಕ್ಷನ್ ಶೂಟರ್: ರೇಡ್‌ಗೆ ಸಿದ್ಧತೆ ಮತ್ತು ಬದುಕುಳಿಯುವ ಬಗೆ

ಎಕ್ಸ್‌ಟ್ರಾಕ್ಷನ್ ಶೂಟರ್ ಎಂಬುದು ಬಂದೂಕು ಕಾಳಗದ ವಿಡಿಯೋ ಗೇಮ್‌ಗಳಲ್ಲಿ ಒಂದು ಪ್ರಕಾರ. ಆಟಗಾರರು ತಮ್ಮ ದಾಸ್ತಾನಿನಿಂದ ಬಂದೂಕು, ಕವಚ, ಔಷಧಿ ಆರಿಸಿಕೊಂಡು ನಕ್ಷೆಯೊಳಗೆ ಇಳಿಯುತ್ತಾರೆ. ಅಲ್ಲಿ ಸಿಕ್ಕಿದ ಲೂಟ್ ಹೊತ್ತು ಗೊತ್ತಾದ ನಿರ್ಗಮನ ಜಾಗದಿಂದ ಜೀವಂತ ಹೊರಬಂದರೆ ಎಲ್ಲವೂ ಅವರದು. ಸತ್ತರೆ ಒಯ್ದದ್ದೂ ಹೋಯಿತು, ಗಳಿಸಿದ್ದೂ ಹೋಯಿತು. ಇಂಥ ಒಂದು ಸುತ್ತಿಗೆ ‘ರೇಡ್’ ಎಂದು ಹೆಸರು. ಬೇರೆ ಶೂಟರ್‌ಗಳಲ್ಲಿ ಸಾವೆಂದರೆ ಕೆಲವು ಕ್ಷಣಗಳ ಕಾಯುವಿಕೆಯಷ್ಟೆ. ಇಲ್ಲಿ ಸಾವಿಗೆ ಬೆಲೆಯಿದೆ. ಆದ್ದರಿಂದ ಎಷ್ಟು ಜನರನ್ನು ಹೊಡೆದೆವು ಎನ್ನುವುದಕ್ಕಿಂತ ಎಷ್ಟು ಸಲ ಬದುಕಿ ಬಂದೆವು ಎನ್ನುವುದೇ ಆಟಗಾರರ ನಿಜವಾದ ಅಳತೆ.

2016ರಲ್ಲಿ ಬಂದ ‘ದಿ ಡಿವಿಷನ್’ ಆಟದ ಡಾರ್ಕ್ ಝೋನ್ ಈ ಪ್ರಕಾರದ ಮುನ್ಸೂಚನೆಯಾಗಿತ್ತು. ಅಲ್ಲಿ ಹೆಲಿಕಾಪ್ಟರ್ ಕರೆಸಿ, ಲೂಟನ್ನು ಅದರ ಹಗ್ಗಕ್ಕೆ ಕಟ್ಟಿ ಕಳಿಸಬೇಕಿತ್ತು. ಆ ಕರೆ ಸುತ್ತಲಿನ ಎಲ್ಲರಿಗೂ ತಿಳಿಯುತ್ತಿತ್ತು. ಪ್ರಕಾರಕ್ಕೆ ಈಗಿನ ರೂಪ ಕೊಟ್ಟದ್ದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ಬ್ಯಾಟಲ್‌ಸ್ಟೇಟ್ ಗೇಮ್ಸ್ ತಯಾರಿಸಿದ ‘ಎಸ್ಕೇಪ್ ಫ್ರಮ್ ಟಾರ್ಕೋವ್’. ಅದರ ಕ್ಲೋಸ್ಡ್ ಬೀಟಾ 2017ರ ಜುಲೈಯಲ್ಲಿ ಶುರುವಾಯಿತು, 1.0 ಆವೃತ್ತಿ 2025ರ ನವೆಂಬರ್ 15ರಂದು ಬಂತು. ಕ್ರೈಟೆಕ್‌ನ ‘ಹಂಟ್: ಶೋಡೌನ್’ (2019), ಸ್ವೀಡನ್ನಿನ ಎಂಬಾರ್ಕ್ ಸ್ಟುಡಿಯೋಸ್‌ನ ‘ಆರ್ಕ್ ರೈಡರ್ಸ್’ (2025) ಇದೇ ದಾರಿಯವು. ಎಲ್ಲಕ್ಕಿಂತ ನಿಷ್ಠುರವಾದದ್ದು ಟಾರ್ಕೋವ್. ಅದನ್ನು ಕಲಿತವರಿಗೆ ಉಳಿದವು ಸಲೀಸು. ಆದ್ದರಿಂದ ಈ ಲೇಖನ ಮುಖ್ಯವಾಗಿ ಅದನ್ನೇ ಆಧರಿಸಿದೆ.

ಏನನ್ನು ಒಯ್ಯಬೇಕು

ಹೊಸಬರನ್ನು ಮೊದಲು ಕಾಡುವುದು ‘ಗೇರ್ ಫಿಯರ್’, ಅಂದರೆ ಒಳ್ಳೆಯ ಸಾಮಾನು ಕಳೆದುಹೋದೀತೆಂಬ ಭಯ. ಈ ಭಯದಿಂದ ಒಳ್ಳೆಯ ಬಂದೂಕುಗಳನ್ನು ದಾಸ್ತಾನಿನಲ್ಲಿ ಪೇರಿಸಿಟ್ಟು, ಬರಿಗೈಯಲ್ಲೋ ಪಿಸ್ತೂಲು ಹಿಡಿದೋ ಒಳಹೋಗುವವರು ಬಹಳ. ಅವರು ಸಾಯುವುದೂ ಬಹಳ. ಒಯ್ದದ್ದನ್ನು ರೇಡ್ ಶುರುವಾಗುವ ಮೊದಲೇ ಖರ್ಚೆಂದು ಬರೆದುಕೊಳ್ಳುವುದು ಸರಿಯಾದ ಕ್ರಮ. ಆಟದ ಹಣವಾದ ರೂಬಲ್‌ ಕೈಲಿದ್ದಷ್ಟರಿಂದ ಅದೇ ಬಗೆಯ ಸಜ್ಜನ್ನು ಮತ್ತೆ ನಾಲ್ಕೈದು ಸಲ ಕೊಳ್ಳಲಾಗದಿದ್ದರೆ, ಅದು ನಮ್ಮ ಅಳತೆ ಮೀರಿದ ಸಜ್ಜು.

ನಷ್ಟ ತಗ್ಗಿಸಲು ಆಟವೇ ಮೂರು ಅನುಕೂಲ ಕೊಟ್ಟಿದೆ. ಒಂದು, ಸೆಕ್ಯೂರ್ ಕಂಟೇನರ್; ಸತ್ತರೂ ಇದರೊಳಗಿನದ್ದು ಉಳಿಯುತ್ತದೆ. ಸಾಧಾರಣ ಆವೃತ್ತಿಯವರ ಆಲ್ಫಾ ಕಂಟೇನರ್‌ನಲ್ಲಿ ನಾಲ್ಕೇ ಮನೆಗಳಿರುವುದರಿಂದ ಅಲ್ಲಿ ಬೀಗದ ಕೈ, ಔಷಧಿ, ಸಣ್ಣದಾದರೂ ಬೆಲೆಬಾಳುವ ಲೂಟ್‌ಗೆ ಮಾತ್ರ ಜಾಗ. ಎರಡು, ವಿಮೆ. ಪ್ರಾಪೊರ್ ಎಂಬ ವ್ಯಾಪಾರಿಯ ವಿಮೆ ಅಗ್ಗ, ಸಾಮಾನು ಮರಳುವುದು ತಡ. ಥೆರಪಿಸ್ಟ್ ಎಂಬಾಕೆಯದು ದುಬಾರಿ, ಆದರೆ ಬೇಗ. ಕೊಂದವರು ಎತ್ತಿಕೊಂಡು ಹೊರಬೀಳದೆ ಇದ್ದರಷ್ಟೇ ಅದು ಮರಳುವುದು. ಹಾಗಾಗಿ ಯಾರೂ ಹೊರಲು ಮನಸ್ಸು ಮಾಡದ ಅಗ್ಗದ ಕವಚ, ಬ್ಯಾಗುಗಳು ವಿಮೆಯಿಂದ ಹೆಚ್ಚು ಮರಳುತ್ತವೆ. ಮೂರು, ಸ್ಕ್ಯಾವ್ ರೇಡ್. ಇದರಲ್ಲಿ ಆಟವೇ ಕೊಟ್ಟ ಹರಕು ಸಜ್ಜಿನಲ್ಲಿ, ಸ್ಕ್ಯಾವ್ ಎಂಬ ಲೂಟಿಕೋರನಾಗಿ ಒಳಹೋಗುತ್ತೇವೆ, ನಮ್ಮ ದಾಸ್ತಾನಿಗೆ ಅಪಾಯವಿಲ್ಲ. ಹಣ ಮುಗಿದವರಿಗೂ ನಕ್ಷೆ ಕಲಿಯುವವರಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಜೊತೆಯ ಸ್ಕ್ಯಾವ್‌ಗಳಿಗೆ ಗುಂಡು ಹೊಡೆದರೆ ಮಾತ್ರ ಫೆನ್ಸ್ ಎಂಬ ವ್ಯಾಪಾರಿಯ ಬಳಿ ನಮ್ಮ ಹೆಸರು ಕೆಡುತ್ತದೆ.

ಬಂದೂಕಿಗಿಂತ ಗುಂಡು ಮುಖ್ಯ

ಟಾರ್ಕೋವ್‌ನಲ್ಲಿ ಹೊಡೆತದ ಬಲ ಇರುವುದು ಬಂದೂಕಿನಲ್ಲಲ್ಲ, ಅದಕ್ಕೆ ತುಂಬಿದ ಗುಂಡಿನಲ್ಲಿ. ಪ್ರತಿ ಗುಂಡಿಗೂ ಎರಡು ಅಂಕಗಳಿವೆ: ಕವಚ ಸೀಳುವ ಶಕ್ತಿ ಮತ್ತು ಮೈಗೆ ಮಾಡುವ ಹಾನಿ. ಕವಚಗಳು 1ರಿಂದ 6ರವರೆಗಿನ ದರ್ಜೆಯವು. ಸೀಳಲಾರದ ಗುಂಡು ತುಂಬಿದ ದುಬಾರಿ ಬಂದೂಕು 5ನೇ ದರ್ಜೆಯ ಕವಚದ ಮುಂದೆ ಸದ್ದು ಮಾಡುತ್ತದೆ ಅಷ್ಟೆ. ಹಣ ಕಡಿಮೆಯಿದ್ದರೆ ಬಂದೂಕಿನ ಅಲಂಕಾರ ಬಿಟ್ಟು ಒಳ್ಳೆಯ ಗುಂಡು ಕೊಳ್ಳಬೇಕು. ಅದೂ ಆಗದಿದ್ದರೆ, ಹಾನಿ ಹೆಚ್ಚಿದ್ದು ಸೀಳುವ ಶಕ್ತಿ ಕಡಿಮೆ ಇರುವ ಗುಂಡು ತುಂಬಿ, ಕವಚವಿಲ್ಲದ ಕಾಲಿಗೆ ಗುರಿಯಿಡುವುದು ಹಳಬರ ಉಪಾಯ.

ಎಷ್ಟು ಗುಂಡು ಉಳಿದಿದೆ ಎಂದು ಪರದೆ ತಾನಾಗಿ ತೋರಿಸುವುದಿಲ್ಲ. ಮ್ಯಾಗಜೀನ್ ತೆಗೆದು ತೂಗಿ ನೋಡಬೇಕು, ಅದಕ್ಕೆ ಸಮಯ ಬೇಕು. ಖಾಲಿ ಮ್ಯಾಗಜೀನಿಗೆ ಗುಂಡು ತುಂಬಲೂ ಸಮಯ ಬೇಕು. ಪ್ರತಿ ಕಾಳಗದ ನಂತರ, ಹೆಣ ತಡಕುವ ಮೊದಲು, ಮರೆಯಲ್ಲಿ ನಿಂತು ಇದನ್ನು ಮಾಡಿಕೊಳ್ಳುವುದು ಅಭ್ಯಾಸವಾಗಬೇಕು.

ಮೈಯ ಲೆಕ್ಕ

ಆಟಗಾರರ ದೇಹಕ್ಕೆ ಏಳು ಭಾಗಗಳು, ಒಟ್ಟು 440 ಅಂಕಗಳ ಆರೋಗ್ಯ: ತಲೆಗೆ 35, ಎದೆಗೆ 85, ಹೊಟ್ಟೆಗೆ 70, ಪ್ರತಿ ಕೈಗೆ 60, ಪ್ರತಿ ಕಾಲಿಗೆ 65. ತಲೆ ಅಥವಾ ಎದೆ ಸೊನ್ನೆಯಾದರೆ ಸಾವು. ಬೇರೆ ಭಾಗ ಸೊನ್ನೆಯಾದರೆ ಬದುಕಿರಬಹುದು, ಆದರೆ ಅಲ್ಲಿಗೆ ಬಿದ್ದ ಮುಂದಿನ ಪೆಟ್ಟು ಇಡೀ ಮೈಗೆ ಹರಡುತ್ತದೆ. ಅಂಥ ಅಂಗವನ್ನು ಸಿಎಂಎಸ್ ಅಥವಾ ಸರ್ವ್12 ಎಂಬ ಶಸ್ತ್ರಚಿಕಿತ್ಸೆಯ ಕಿಟ್‌ನಿಂದ ಸರಿಪಡಿಸಿಕೊಳ್ಳಬೇಕು.

ರಕ್ತಸ್ರಾವ ಎರಡು ಬಗೆ. ಲಘುವಾದದ್ದಕ್ಕೆ ಬ್ಯಾಂಡೇಜ್ ಸಾಕು, ತೀವ್ರವಾದದ್ದಕ್ಕೆ ಬಿಗಿಯಾಗಿ ಕಟ್ಟುವ ಟೂರ್ನಿಕೆಟ್ ಬೇಕು. ಮೂಳೆ ಮುರಿದರೆ ಸ್ಪ್ಲಿಂಟ್, ಅದು ಇಲ್ಲದಾಗ ನೋವಿನ ಮಾತ್ರೆ. ನೋವಿನ ಮಾತ್ರೆ ಮರೆತು ಕಾಲು ಮುರಿದುಕೊಂಡವರು ಕುಂಟುತ್ತಾ ನಿರ್ಗಮನ ಮುಟ್ಟುವುದು ಅಪರೂಪ. ದೊಡ್ಡ ನಕ್ಷೆಗಳಲ್ಲಿ ನೀರು, ಆಹಾರದ ಮಟ್ಟವನ್ನೂ ಗಮನಿಸಬೇಕು. ಹೆಚ್ಚು ಭಾರ ಹೊತ್ತರೆ ಓಟದ ದಮ್ಮು ಬೇಗ ಮುಗಿಯುತ್ತದೆ.

ದಾರಿ, ಕಿವಿ, ಗಡಿಯಾರ

ಬದುಕುಳಿಯುವುದರಲ್ಲಿ ಅತಿ ದೊಡ್ಡ ಪಾಲು ನಕ್ಷೆಯ ತಿಳಿವಿನದು. ಗುರಿ ಹಿಡಿಯುವ ಕೈಚಳಕಕ್ಕೆ ಎರಡನೆಯ ಸ್ಥಾನ. ರೇಡ್ ಶುರುವಾದ ಕೂಡಲೇ ‘ಓ’ ಕೀಲಿಯನ್ನು ಎರಡು ಸಲ ಒತ್ತಿದರೆ ಉಳಿದ ಸಮಯವೂ ನಮಗೆ ಅನ್ವಯಿಸುವ ನಿರ್ಗಮನಗಳ ಹೆಸರೂ ಕಾಣುತ್ತವೆ. ಅವು ಎಲ್ಲಿವೆ ಎಂಬುದನ್ನು ಮಾತ್ರ ಆಟ ಹೇಳುವುದಿಲ್ಲ. ಎಲ್ಲಿ ಇಳಿದೆವು ಎಂಬುದರ ಮೇಲೆ ನಿರ್ಗಮನ ಬದಲಾಗುತ್ತದೆ, ಸಾಮಾನ್ಯವಾಗಿ ಎದುರು ಬದಿಯಲ್ಲಿರುತ್ತದೆ, ನಕ್ಷೆಯನ್ನು ದಾಟಲೇಬೇಕಾಗುತ್ತದೆ. ಕೆಲವಕ್ಕೆ ಷರತ್ತುಗಳಿವೆ. ಕಸ್ಟಮ್ಸ್ ನಕ್ಷೆಯಲ್ಲಿ ಕಳ್ಳಸಾಗಣೆದಾರರ ದೋಣಿ ಹತ್ತಬೇಕಾದರೆ ಪಕ್ಕದಲ್ಲಿ ಬೆಂಕಿ ಉರಿಯುತ್ತಿರಬೇಕು. ಅದೇ ನಕ್ಷೆಯ ಡಾರ್ಮ್ಸ್ ಕಟ್ಟಡಗಳ ಬಳಿಯ ಕಾರಿಗೆ ರೂಬಲ್ ತೆರಬೇಕು. ಕನಿಷ್ಠ ಎರಡು ನಿರ್ಗಮನಗಳ ದಾರಿ ಬಾಯಿಪಾಠವಾಗಿರದ ನಕ್ಷೆಗೆ ಒಳ್ಳೆಯ ಸಜ್ಜು ಒಯ್ಯಬಾರದು. ಅಭ್ಯಾಸಕ್ಕೆಂದೇ ಇರುವ ಪ್ರಾಕ್ಟೀಸ್ ರೇಡ್‌ನಲ್ಲಿ ಸತ್ತರೂ ಏನೂ ಹೋಗುವುದಿಲ್ಲ. ದಾರಿಗಳನ್ನು ಅಲ್ಲೇ ನಡೆದು ನೋಡಿಕೊಳ್ಳಬಹುದು.

ಶತ್ರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾನೆ. ತಗಡು, ಗಾಜಿನ ಚೂರು, ಪೊದೆ ಇವೆಲ್ಲ ಹೆಜ್ಜೆಯನ್ನು ಹೇಳಿಬಿಡುತ್ತವೆ. ಸಣ್ಣ ಸದ್ದನ್ನು ಹಿಗ್ಗಿಸುವ ಆಕ್ಟಿವ್ ಹೆಡ್‌ಸೆಟ್ ಸಜ್ಜಿನಲ್ಲಿ ಎಂದೂ ತಪ್ಪಬಾರದು. ಗುಂಡಿನ ಸದ್ದು ಕೇಳಿದತ್ತ ಓಡಬಾರದು. ಅತ್ತ ಮೂರನೆಯ ತಂಡವೊಂದು ಆಗಲೇ ಹೊರಟಿರುತ್ತದೆ.

ಇಷ್ಟಾಗಿಯೂ ಹೆಚ್ಚಿನವರು ಎಡವುವುದು ಹೊರಡುವ ನಿರ್ಧಾರದಲ್ಲಿ. ಬ್ಯಾಗು ತುಂಬಿದ ಮೇಲೂ ‘ಇನ್ನೊಂದು ಕೋಣೆ’ ಎನ್ನುವ ಆಸೆ ಪ್ರಾಣ ತೆಗೆಯುತ್ತದೆ. ಗಡುವು ಮುಗಿಯುವಷ್ಟರಲ್ಲಿ ಹೊರಬೀಳದಿದ್ದರೆ ಕಾಣೆಯಾದವರ ಪಟ್ಟಿಗೆ ಸೇರಿ, ಕಂಟೇನರ್ ಬಿಟ್ಟು ಎಲ್ಲವನ್ನೂ ಕಳೆದುಕೊಳ್ಳುತ್ತೇವೆ. ಏನನ್ನು ಹುಡುಕಿ ಬಂದೆವೋ ಅದು ಸಿಕ್ಕ ಕೂಡಲೇ ಹೊರಡುವುದು ಸರಿ. ನಿರ್ಗಮನದ ಬಳಿ ಹೊಂಚುಹಾಕುವವರು ಇರುತ್ತಾರೆ. ಕೊನೆಯ ನೂರು ಮೀಟರ್ ಓಡದೆ, ನಿಂತು ಆಲಿಸಿ, ಮರೆಯಿಂದ ಮರೆಗೆ ಸಾಗಬೇಕು.

ಬೇರೆ ಆಟಗಳಲ್ಲಿ

‘ಹಂಟ್: ಶೋಡೌನ್’ನಲ್ಲಿ ಬೌಂಟಿ, ಅಂದರೆ ಬೇಟೆಯ ಬಹುಮಾನ, ಎತ್ತಿಕೊಂಡವರು ಇರುವ ಜಾಗ ಎಲ್ಲರ ನಕ್ಷೆಯಲ್ಲೂ ಕಾಣುವುದರಿಂದ ಅಡಗುವುದು ಕಷ್ಟ, ಎತ್ತುವ ಮುನ್ನವೇ ದಾರಿ ಗೊತ್ತುಮಾಡಿಕೊಂಡಿರಬೇಕು. ‘ಆರ್ಕ್ ರೈಡರ್ಸ್’ ಹೊಸಬರಿಗೆ ಹೆಚ್ಚು ಕನಿಕರ ತೋರಿಸುತ್ತದೆ: ಪುಕ್ಕಟೆ ಸಜ್ಜು ಸಿಗುತ್ತದೆ, ಮಾತಿನಿಂದ ಅಪರಿಚಿತರೊಡನೆ ಒಪ್ಪಂದವೂ ಸಾಧ್ಯ. ಆದರೂ ಹೊರಹೋಗಲು ಲಿಫ್ಟ್ ಕರೆದ ಸದ್ದು ದೂರಕ್ಕೆ ಕೇಳುತ್ತದೆ ಎಂಬುದನ್ನು ಮರೆಯಬಾರದು.

ಟಾರ್ಕೋವ್‌ಗೆ ಈಗ ಕಾಲಿಡುವವರು ಗ್ರೌಂಡ್ ಝೀರೋ ನಕ್ಷೆಯಿಂದ ಶುರುಮಾಡಲಿ. 2023ರ ಡಿಸೆಂಬರ್‌ನಲ್ಲಿ ಹೊಸಬರಿಗೆಂದೇ ಸೇರಿಸಿದ ಈ ಪುಟ್ಟ ನಕ್ಷೆಯಲ್ಲಿ ಕೆಳಹಂತದವರನ್ನು ಪಳಗಿದವರಿಂದ ಬೇರೆಯಾಗಿಯೇ ಆಡಿಸಲಾಗುತ್ತದೆ.